ಮುಂದಿನ ಸೀಟಿನ ರಾಜತಂತ್ರ

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಸಕ್ಕರೆ ಡಬ್ಬ ಯಾವ ಕಪಾಟಿನಲ್ಲಿದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಆದರೆ ಜರ್ಮನಿಯ ಮೈತ್ರಿ ಸರ್ಕಾರದಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಫ್ರಾನ್ಸಿನ ಪ್ರಧಾನಿಯ ಕುರ್ಚಿ ಯಾಕೆ ಯಾರಿಗೂ ಒಗ್ಗುವುದಿಲ್ಲ, ಬ್ರಸೆಲ್ಸಿನ ಸಭೆಯಲ್ಲಿ ಒಂದೇ ಒಂದು ದೇಶ 'ಒಲ್ಲೆ' ಎಂದರೆ ಉಳಿದವರೆಲ್ಲ ಹೇಗೆ ಬಾಯಿ ಮುಚ್ಚಿ ಕೂರಬೇಕಾಗುತ್ತದೆ ಎಂದು ಕೇಳಿ, ಎದ್ದು ಹೋಗಲು ಬಿಡದೆ ಹೇಳುತ್ತೇನೆ. ಹಾಗೆಂದು ನಾನು ಯುರೋಪಿಗೆ ಹೋದವನೇನಲ್ಲ. ಯುರೋಪನ್ನು ನಾನು ಮುಟ್ಟಿದ್ದು ಒಂದೇ ಸಲ, ಡೆನ್ಮಾರ್ಕಿನ ಬಿಸ್ಕತ್ತಿನ ಡಬ್ಬದ ರೂಪದಲ್ಲಿ. ಬಿಸ್ಕತ್ತು ಮುಗಿದು ಈಗ ಅದರೊಳಗೆ ನನ್ನ ಹೆಂಡತಿ ಸುಮತಿಯ ಸೂಜಿ, ನೂಲು, ಅಂಗಿಯ ಗುಂಡಿಗಳಿವೆ. "ನಿಮ್ಮ ಅಂಗಿಯ ಗುಂಡಿ ಹೋದದ್ದು ನಿಮಗೆ ಕಾಣುದಿಲ್ಲ, ಪೋಲೆಂಡಿನ ಗಡಿ ಮಾತ್ರ ಕಾಣ್ತದೆ" ಎನ್ನುವುದು ಅವಳ ಬಹುಕಾಲದ ದೂರು.

ಇದಕ್ಕೆ ನಾನೊಬ್ಬನೇ ಕಾರಣನಲ್ಲ, ಊರಿನ ಗಾಳಿಯೂ ಕಾರಣ. ದೋಹಾದಲ್ಲಿ ಹತ್ತಾರು ವರ್ಷ ಇದ್ದವನಿಗೆ ಮಧ್ಯಸ್ಥಿಕೆಯ ಚಟ ತಾನಾಗಿಯೇ ಅಂಟಿಕೊಳ್ಳುತ್ತದೆ. ಎಲ್ಲೆಲ್ಲೋ ಹೊಡೆದಾಡಿಕೊಂಡವರು ಇಲ್ಲಿನ ಹೋಟೆಲುಗಳಿಗೆ ಬಂದು, ಬೇರೆ ಬೇರೆ ಕೋಣೆಗಳಲ್ಲಿ ಕೂತು, ನಡುವಿನವರ ಮೂಲಕ ಮಾತಾಡಿ ಹೋಗುತ್ತಾರೆ. ಅವರ ಕಾರುಗಳ ಸಾಲು ದಾಟಲೆಂದು ಪೊಲೀಸರು ನಮ್ಮ ಕಾರನ್ನು ಸಿಗ್ನಲ್ಲಿನಲ್ಲಿ ತಡೆದು ನಿಲ್ಲಿಸುವುದುಂಟು. ಆ ಲೆಕ್ಕದಲ್ಲಿ ವಿಶ್ವಶಾಂತಿಗೆ ನಾನು ಎರಡು ಸಲ ಆಫೀಸಿಗೆ ತಡವಾಗಿ ಹೋಗಿ ನನ್ನ ಪಾಲಿನ ಸೇವೆ ಸಲ್ಲಿಸಿದ್ದೇನೆ. ನನ್ನ ಮ್ಯಾನೇಜರರಿಗೆ ಅದು ಅರ್ಥವಾಗಲಿಲ್ಲ, ಅದು ಬೇರೆ ಮಾತು.

ನಮ್ಮ ಕಾರು ಎಂದೆನಲ್ಲ, ಅದು ನಿಜವಾಗಿ ಹಮೀದಾಕನ ಕಾರು. ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಬಿದ್ದು, ನಾಲ್ಕನೆಯ ಸಲ ಹೋಗದೆ ಮಾನ ಉಳಿಸಿಕೊಂಡವನು. ನಾನಿರುವ ಬಿನ್ ಮಹಮೂದಿನಿಂದ ಲುಸೈಲಿನ ನನ್ನ ಆಫೀಸಿಗೆ ದಿನಾ ಹೋಗಿಬರುವುದು ಕಾರ್ ಲಿಫ್ಟಿನಲ್ಲಿ. ಒಬ್ಬರ ಕಾರು, ಅದೇ ದಾರಿಯ ನಾಲ್ಕು ಜನ, ಗಲ್ಫಿನಲ್ಲಿ ಇದಕ್ಕೆ ಕಾರ್ ಲಿಫ್ಟ್ ಎನ್ನುತ್ತಾರೆ. ನಮ್ಮದರಲ್ಲಿ ಮೂವರೇ. ಕಾರು ಓಡಿಸುವವರು ಉಳ್ಳಾಲದ ಹಮೀದಾಕ, ಲುಸೈಲಿನ ಒಂದು ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್ ನೋಡಿಕೊಳ್ಳುವವರು. ಹಿಂದಿನ ಸೀಟಿನಲ್ಲಿ ಶಿರ್ವದ ಲಾರೆನ್ಸರು, ನಮ್ಮ ಕಡೆ ಕ್ರೈಸ್ತರನ್ನು ಕರೆಯುವಂತೆ ಹಮೀದಾಕನ ಬಾಯಲ್ಲಿ 'ಪೊರ್ಬುಗಳು', ಕಟ್ಟಡ ಕಂಪನಿಯೊಂದರಲ್ಲಿ ಕಾಗದಪತ್ರಗಳ ಉಸ್ತುವಾರಿ. ಮುಂದಿನ ಸೀಟಿನಲ್ಲಿ ಹಿರಿಯಡಕದ ನಾನು, ಶೆಟ್ಟಿ. ಮನೆಯಲ್ಲಿ ಒಬ್ಬರದು ಬ್ಯಾರಿ, ಒಬ್ಬರದು ಕೊಂಕಣಿ, ಒಬ್ಬರದು ತುಳು. ಮೀನಿನ ವಿಷಯ ಬಂದರೆ ಮೂವರೂ ತುಳುವಿಗೆ ಇಳಿಯುತ್ತೇವೆ. ಅಂತರರಾಷ್ಟ್ರೀಯ ವಿಷಯಕ್ಕೆ ಮಾತ್ರ ಕನ್ನಡವೇ ಆಗಬೇಕು. ಹದಿನೇಳು ವರ್ಷಗಳಿಂದ ನಾನು ದಿನಾ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಕೂತು, ಮೊಬೈಲಿನಲ್ಲಿ ಇಂಗ್ಲಿಷ್ ಸುದ್ದಿಯ ತಲೆಬರಹ ನೋಡಿ, ಅದಕ್ಕೆ ತಕ್ಕ ಮಸಾಲೆ ಸೇರಿಸಿ ಯುರೋಪಿನ ವಾರ್ತೆಯನ್ನು ಇಬ್ಬರಿಗೂ ಬಡಿಸುತ್ತಾ ಬಂದಿದ್ದೇನೆ. ಸುದ್ದಿಯ ಒಳಗಿನ ಭಾಗವನ್ನು ಓದುವಷ್ಟರಲ್ಲಿ ಲುಸೈಲ್ ಬಂದುಬಿಡುತ್ತದೆ.

ಜಗಳ ಆದದ್ದು ಹಮೀದಾಕನ ಮಗಳು ಶಮ್ನಾಳ ವಿಷಯದಲ್ಲಿ. ಹುಡುಗಿಗೆ ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ವೀಸಾ ಸಂದರ್ಶನಕ್ಕೆ ಇನ್ನು ಮೂರು ವಾರ. ಅವಳ ಅರ್ಜಿ, ಪ್ರಮಾಣಪತ್ರ, ಎಲ್ಲವನ್ನೂ ಜೋಡಿಸಿ ಫೈಲ್ ಮಾಡುತ್ತಿದ್ದವರು ಲಾರೆನ್ಸರು. ಅವರ ಕೈಯಿಂದ ಹೊರಟ ಫೈಲಿನಲ್ಲಿ ಒಂದು ಹಾಳೆಯೂ ಓರೆಯಾಗಿ ಕೂತಿರುವುದಿಲ್ಲ. ಹಮೀದಾಕನಿಗೋ ಮಗಳನ್ನು ಅಷ್ಟು ದೂರ ಒಬ್ಬಳನ್ನೇ ಕಳಿಸುವ ಹೆದರಿಕೆ. ಹೇಳಿಕೊಳ್ಳುವುದಿಲ್ಲ, ಆದರೆ ಆ ದಿನಗಳಲ್ಲಿ ಗೇರ್ ಹಾಕುವಾಗ ಸುಮ್ಮನೆ ನಿಟ್ಟುಸಿರು ಬಿಡುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಹಿಂದಿನ ಸೀಟಿನಿಂದ ಲಾರೆನ್ಸರು, "ಅಲ್ಲಿ ಈಗ ಗಾಳಿ ಸರಿ ಇಲ್ಲ ಮಾರಾಯ್ರೆ. ಹೊರಗಿನವರಿಗೆ ಬಾಗಿಲು ಮುಚ್ತಾ ಇದ್ದಾರೆ. ತಲೆಗೆ ಬಟ್ಟೆ ಹಾಕುವ ಹುಡುಗಿಯನ್ನು ಈಗ ಯಾಕೆ ಕಳಿಸುದು?" ಎಂದುಬಿಟ್ಟರು.

ಹಮೀದಾಕ ಒಂದು ರೌಂಡ್‌ಅಬೌಟ್ ಪೂರ್ತಿ ಸುತ್ತಿದ ಮೇಲೆ ಹೇಳಿದರು: "ಪೊರ್ಬುಗಳೇ, ನಿಮ್ಮ ಮಗ ಐರ್ಲೆಂಡಲ್ಲಿ ನರ್ಸ್ ಆಗಿ ಇರಬಹುದು. ನನ್ನ ಮಗಳಿಗೆ ಮಾತ್ರ ಬೇಡ, ಅಲ್ವಾ? ಖಲಾಸ್." ಅಷ್ಟೇ. ಹದಿನೇಳು ವರ್ಷದ ಮಾತು ಅಲ್ಲಿಗೆ ನಿಂತಿತು.

ನಿಂತದ್ದು ಮಾತು ಮಾತ್ರ, ಕಾರ್ ಲಿಫ್ಟ್ ನಿಲ್ಲಲಿಲ್ಲ. ಲಾರೆನ್ಸರು ಬರುವುದು ಬಿಟ್ಟರೆ ಸೋತಂತೆ. ಹಮೀದಾಕ ಬರಬೇಡಿ ಎನ್ನುವಂತಿಲ್ಲ, ಹಾಗೆನ್ನಲು ಅವರೊಡನೆ ಮಾತಾಡಬೇಕಾಗುತ್ತದೆ. ಹೀಗಾಗಿ ಮರುದಿನದಿಂದ ಎಲ್ಲ ವ್ಯವಹಾರ ನನ್ನ ಮೂಲಕ. "ಶೆಟ್ರೇ, ಎಸಿ ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಹೇಳಿ" ಎಂದು ಹಿಂದಿನಿಂದ. ಒಂದು ಗೇಣು ಮುಂದೆ ಕೂತ ಹಮೀದಾಕನಿಗೆ ಅದು ಕೇಳಿಸಿರುವುದಿಲ್ಲ. ನಾನು ಮತ್ತೆ ಹೇಳಬೇಕು. ಆಗ ಅವರು, "ಬಾಗಿಲು ಸರಿ ಹಾಕ್ಲಿಕ್ಕೆ ಹೇಳಿ, ಎಸಿ ತಾನೇ ಸರಿ ಆಗ್ತದೆ" ಎನ್ನುವರು. ನನಗೆ ಇದರಿಂದ ಕಷ್ಟವಾಯಿತೆಂದು ನೀವು ತಿಳಿದರೆ ನಿಮಗೆ ನನ್ನ ಪರಿಚಯ ಸಾಲದು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನನ್ನು ಇಬ್ಬರು ಒಟ್ಟಿಗೆ ನಂಬಿದ್ದರು.

ಹೆದರಿಕೆಯೂ ಇತ್ತೆನ್ನಿ. ಶಮ್ನಾಳ ಫೈಲ್ ಲಾರೆನ್ಸರ ಮನೆಯಲ್ಲಿದೆ. ಇವರು ಕೇಳುವುದಿಲ್ಲ, ಅವರು ಕೊಡುವುದಿಲ್ಲ, ಸಂದರ್ಶನದ ದಿನ ಹತ್ತಿರ ಬರುತ್ತಿದೆ. ನಮ್ಮ ಕಣ್ಣೆದುರಿಗೇ ಬೆಳೆದ ಹುಡುಗಿ. ಇಬ್ಬರು ಗಂಡಸರ ಮುನಿಸಿನಲ್ಲಿ ಅವಳ ವಿದ್ಯೆ ನಿಂತುಹೋದರೆ ನೋಡುವುದು ಹೇಗೆ? ಕಾರ್ ಲಿಫ್ಟೇ ಮುರಿದುಬಿದ್ದರೆ ನಾನು ಆಫೀಸಿಗೆ ಹೋಗುವುದು ಹೇಗೆ? ಈ ಎರಡು ಪ್ರಶ್ನೆಗಳಲ್ಲಿ ಯಾವುದು ನನಗೆ ಮೊದಲು ಹೊಳೆಯಿತೆಂದು ದಯವಿಟ್ಟು ಕೇಳಬೇಡಿ.

ಸಂಧಾನಕ್ಕೆ ಇಳಿದೆ. ಮೊದಲು ಲಾರೆನ್ಸರ ಮನೆಗೆ ಹೋದೆ. ಅವರು, "ನಾನು ಹೇಳಿದ್ದರಲ್ಲಿ ತಪ್ಪೆಂತ ಉಂಟು? ಶಮ್ನಾ ನನಗೂ ಮಗಳ ಹಾಗೆಯೇ ಅಲ್ವಾ? ಹೆದರಿಕೆ ಆಯ್ತು, ಹೇಳಿದೆ. ಒಂದು ಶಬ್ದ ಹಿಂದೆ ತಗೊಳ್ಳುದಿಲ್ಲ" ಎಂದರು. ಇದನ್ನು ಇದ್ದ ಹಾಗೆ ದಾಟಿಸುವುದು ಅಂಚೆಯವನ ಕೆಲಸ, ರಾಜತಂತ್ರಿಕನದಲ್ಲ. ಯುರೋಪಿನ ಮಂತ್ರಿಗಳು ಒಳಗೆ ಮೇಜು ಗುದ್ದಿಕೊಂಡು ಹೊರಗೆ ಬಂದು 'ಮುಕ್ತ ಹಾಗೂ ರಚನಾತ್ಮಕ ಮಾತುಕತೆ ನಡೆಯಿತು' ಎನ್ನುವುದನ್ನು ನಾನು ನೋಡಿದವನು. ಹಮೀದಾಕನ ಬಳಿ ಹೋಗಿ, "ಲಾರೆನ್ಸರು ತುಂಬ ಬೇಜಾರು ಮಾಡ್ಕೊಂಡಿದ್ದಾರೆ. ಹಾಗೆ ಹೇಳಬಾರದಿತ್ತು, ತಪ್ಪಾಯ್ತು ಅಂದ್ರು" ಎಂದೆ. ಹಮೀದಾಕ, "ಅವರ ಮನೆಯ ಸಾನ್ನ ತಿಂದು ದೊಡ್ಡವಳಾದದ್ದು ನನ್ನ ಮಗಳು. ಬೇರೆ ಯಾರು ಹೇಳಿದ್ರೂ ನನಗೆ ಇಷ್ಟು ತಾಗ್ತಿರ್ಲಿಲ್ಲ ಶೆಟ್ರೇ" ಎಂದರು. ನಾನು ಕರ್ತವ್ಯ ಮರೆಯದೆ ಲಾರೆನ್ಸರ ಬಳಿ ಹೋಗಿ, "ಸಿಟ್ಟಿನಲ್ಲಿ ನಿಮ್ಮ ಮಗನ ಸುದ್ದಿ ತೆಗೆದದ್ದು ತಪ್ಪಾಯ್ತು, ಕ್ಷಮಿಸಬೇಕಂತೆ" ಎಂದೆ. ಹೀಗೆ ಎರಡು ವಾರ ಓಡಾಡಿ ಎರಡೂ ಕಡೆಗೆ ಒಂದೊಂದು ಕ್ಷಮಾಪಣೆಯನ್ನು ತಲುಪಿಸಿದೆ. ಎರಡೂ ನನ್ನವೇ ಎನ್ನುವುದು ನನಗೆ ಆಗ ಸಣ್ಣ ವಿಷಯವಾಗಿ ಕಂಡಿತ್ತು.

ಸುಮತಿಗೆ ಹೇಳಿದಾಗ ಅವಳು ದೋಸೆ ಮಗುಚುವುದನ್ನು ನಿಲ್ಲಿಸಿ, "ಇಬ್ಬರೂ ಒಟ್ಟಿಗೆ ಸಿಕ್ಕಿದರೆ ಎಂತ ಮಾಡ್ತೀರಿ?" ಎಂದಳು. ಹೆಂಗಸರಿಗೆ ರಾಜತಂತ್ರದ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡು ನಾನು ಚಟ್ನಿ ಕೇಳಿದೆ.

ಶೃಂಗಸಭೆಗೆ ಶುಕ್ರವಾರ ಗೊತ್ತುಮಾಡಿದೆ. ಇಲ್ಲಿ ವಾರದ ರಜೆ ಅವತ್ತೇ ಆದ್ದರಿಂದ ಚರ್ಚಿನ ಪೂಜೆಯೂ ಅವತ್ತೇ. ಹಮೀದಾಕನ ಜುಮಾ ನಮಾಜು, ಲಾರೆನ್ಸರ ಚರ್ಚಿನ ಪೂಜೆ ಎರಡೂ ಮುಗಿದ ಮೇಲೆ, ಇಬ್ಬರ ಮನಸ್ಸೂ ದೇವರ ಪ್ರಭಾವದಲ್ಲಿ ಇರುವಾಗಲೇ ಕೂರಿಸುವುದು ನನ್ನ ಯೋಜನೆ. ತಟಸ್ಥ ನೆಲ ಬೇಕೆಂದು ಅಲ್ ಗರಾಫಾದ ಒಂದು ಕರಕ್ ಚಹಾದ ಅಂಗಡಿಯನ್ನು ಆರಿಸಿದೆ. ಅಲ್ಲಿ ಇಳಿಯಬೇಕಾಗಿಲ್ಲ. ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಿಟಕಿಗೇ ಬರುತ್ತದೆ. ಎದ್ದು ಹೋಗಲು ಯಾರಿಗೂ ಅವಕಾಶವಿರಬಾರದು ಎಂಬುದು ನನ್ನ ಲೆಕ್ಕಾಚಾರ. ಆ 'ಯಾರಿಗೂ' ಎಂಬುದರಲ್ಲಿ ನಾನೂ ಸೇರಿದ್ದೇನೆಂದು ಹೊಳೆಯಲಿಲ್ಲ.

ಹಮೀದಾಕ ಹಾರ್ನ್ ಹೊಡೆದು, ಮೂರು ಚಹಾ ಹೇಳಿ, ಕನ್ನಡಿಯಲ್ಲಿ ಹಿಂದೆ ನೋಡಿ ದೊಡ್ಡ ಮನಸ್ಸಿನಿಂದ ಹೇಳಿದರು: "ಆಯ್ತು ಪೊರ್ಬುಗಳೇ. ನೀವು ತಪ್ಪು ಒಪ್ಪಿಕೊಂಡ ಮೇಲೆ ನಾನು ಮನಸ್ಸಲ್ಲಿ ಇಟ್ಟುಕೊಳ್ಳುದು ಸರಿಯಲ್ಲ. ಮಾಫಿ ಮುಶ್ಕಿಲ್, ಏನೂ ತೊಂದ್ರೆ ಇಲ್ಲ."

ಅದೇ ಹೊತ್ತಿಗೆ ಹಿಂದಿನಿಂದ ಲಾರೆನ್ಸರು ಅಷ್ಟೇ ಉದಾರವಾಗಿ, "ನೀವು ಕ್ಷಮೆ ಕೇಳುವಷ್ಟೆಲ್ಲ ಎಂತ ಆಗಿದೆ ಹಮೀದಾಕ? ನಾನು ಅವತ್ತೇ ಮರೆತು ಬಿಟ್ಟಿದ್ದೇನೆ" ಎಂದರು.

"ನಾನು ಕ್ಷಮೆ ಕೇಳಿದೆನಾ?"

"ನಾನು ತಪ್ಪು ಒಪ್ಪಿಕೊಂಡೆನಾ?"

ಎರಡು ತಲೆಗಳು ನಿಧಾನವಾಗಿ ನನ್ನ ಕಡೆ ತಿರುಗಿದವು. ನಾನು ಮಾತು ತಪ್ಪಿಸಲು, "ಅದೆಲ್ಲ ಇರಲಿ, ಮೊದಲು ಫೈಲಿನ ವಿಷಯ ಇತ್ಯರ್ಥ ಆಗಬೇಕು. ಮುಂದಿನ ವಾರ ಇಂಟರ್‌ವ್ಯೂ" ಎಂದೆ. "ಯಾವ ಫೈಲ್?" ಎಂದರು ಲಾರೆನ್ಸರು. "ಶಮ್ನಾ ಮರುದಿವಸವೇ ಬಂದು ತಗೊಂಡು ಹೋಗಿ ಆಯ್ತಲ್ಲ. 'ಅಂಕಲ್, ನೀವಿಬ್ಬರು ಫೈಟ್ ಮಾಡಿ, ನನ್ನ ಫೈಲ್ ಕೊಡಿ' ಅಂದ್ಲು. ಈಗ ದಿನಾ ಸಂಜೆ ಬರ್ತಾಳೆ, ಇಂಟರ್‌ವ್ಯೂಗೆ ಪ್ರಾಕ್ಟೀಸ್ ಮಾಡಿಸ್ತೇನೆ." ನಾನು ಹಮೀದಾಕನನ್ನು ನೋಡಿದೆ. ಅವರು ಸ್ಟಿಯರಿಂಗ್ ನೋಡುತ್ತಾ, "ಗೇಟಿನ ತನಕ ಬಿಡುದು ನಾನೇ. ಒಳಗೆ ಬರ್ಲಿಲ್ಲ ಅಷ್ಟೇ" ಎಂದರು. ಎರಡು ವಾರ ನಾನು ರಕ್ಷಿಸುತ್ತಿದ್ದ ಫೈಲಿಗೆ ನನ್ನ ಅಗತ್ಯವೇ ಇರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನು ಚಹಾ ಕುಡಿದು ಬರುತ್ತಿದ್ದೆ. ಲಾರೆನ್ಸರಿಗೆ ಮಾತು ಸಿಕ್ಕಿಬಿಟ್ಟಿತ್ತು. "ಹಮೀದಾಕ, ದೇವರಾಣೆ, ನಾನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅಲ್ಲಿ ಬಾಗಿಲು ಮುಚ್ತಾ ಇದ್ದಾರೆ ಅಂತ ಕೇಳಿ ರಾತ್ರಿ ನಿದ್ದೆ ಬರ್ಲಿಲ್ಲ ನನಗೆ. ಅದನ್ನು ನನಗೆ ಹೇಳಿದ್ದು ಯಾರು? ಈ ಶೆಟ್ರು! 'ವಿದೇಶಿ ವಿದ್ಯಾರ್ಥಿಗಳಿಗೆ ಜರ್ಮನಿಯ ಬಾಗಿಲು ಬಂದ್' ಅಂತ ಹಿಂದಿನ ದಿನ ಸಂಜೆ ಬರುವಾಗ ಓದಿ ಹೇಳಿದ್ರು. ನೀವು ಆಗ ಫೋನಲ್ಲಿ ಇದ್ರಿ."

ಹಮೀದಾಕ ನಿಜಕ್ಕೂ ಆಶ್ಚರ್ಯಪಟ್ಟರು. "ಆ ಸುದ್ದಿಯಾ? ಅದನ್ನು ಶಮ್ನಾ ಪೂರ್ತಿ ಓದಿ ನನಗೆ ತೋರಿಸಿದ್ಲು. ಅಲ್ಲಿಯ ಒಂದು ವಿರೋಧ ಪಕ್ಷದವರು ಹಾಗೆ ಮಾಡ್ಬೇಕು ಅಂತ ಕೇಳಿದ್ದಂತೆ. ಸರ್ಕಾರ ಆಗುದಿಲ್ಲ ಅಂದದ್ದು ಕೆಳಗೆ ಎರಡನೇ ಸಾಲಲ್ಲೇ ಉಂಟು."

ಎರಡನೇ ಸಾಲು. ನಾನು ಅಲ್ಲಿಯವರೆಗೆ ಇಳಿದಿರಲಿಲ್ಲ. ಕಿಟಕಿಗೆ ಚಹಾ ಬಂತು, ಯಾರೂ ಮುಟ್ಟಲಿಲ್ಲ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು, ಎರಡು ವಾರಗಳಲ್ಲಿ ಮೊದಲ ಬಾರಿ ಒಂದೇ ಅಭಿಪ್ರಾಯದಿಂದ.

ನಾನು ಗಂಟಲು ಸರಿಮಾಡಿಕೊಂಡು, "ನೋಡಿ, ಮಾಹಿತಿಯ ಕೊರತೆಯಿಂದ ಎಲ್ಲೋ ಒಂದು ಕಡೆ ತಪ್ಪು ತಿಳುವಳಿಕೆ ಉಂಟಾಗಿ, ಆಗಬಾರದ್ದು ಆಗಿಹೋಯಿತು..." ಎಂದು ಶುರುಮಾಡಿದೆ.

"ಯಾರಿಂದ?" ಎಂದರು ಹಮೀದಾಕ.

"ಪರಿಸ್ಥಿತಿಯ ಒತ್ತಡದಿಂದ..."

"ಯಾರಿಂದ ಶೆಟ್ರೇ?"

ಎರಡು ವಾರ ಬೇರೆಯವರ ಬಾಯಿಗೆ ಸಲೀಸಾಗಿ ತುರುಕಿದ ಮಾತು ನನ್ನ ಬಾಯಿಂದ ಮಾತ್ರ ಹೊರಗೆ ಬರಲೊಲ್ಲದು. ಎಷ್ಟು ದೊಡ್ಡ ದೊಡ್ಡ ದೇಶಗಳ ನಾಯಕರನ್ನು ಈ ವಿಷಯಕ್ಕೆ ನಾನು ಗೇಲಿ ಮಾಡಿದ್ದೇನೆ! ಕೊನೆಗೆ, "ನನ್ನಿಂದ. ತಪ್ಪಾಯ್ತು" ಎಂದೆ. "ಹಿಂದೆ ಕೇಳ್ಲಿಲ್ಲ" ಎಂದರು ಲಾರೆನ್ಸರು. ಮತ್ತೊಮ್ಮೆ ಜೋರಾಗಿ ಹೇಳಿದೆ. ಆಮೇಲೆ ಅವರಿಬ್ಬರೂ ಆರಿದ ಚಹಾ ಕುಡಿದು ನನ್ನ ವಿರುದ್ಧ ಇನ್ನೊಂದು ಗಂಟೆ ಒಗ್ಗಟ್ಟಿನಿಂದ ಮಾತಾಡಿದರು.

ಮರುದಿನದಿಂದ ಲಾರೆನ್ಸರು ಮುಂದಿನ ಸೀಟಿಗೆ ಬಡ್ತಿ ಹೊಂದಿದರು, ನಾನು ಹಿಂದೆ. ವಾರ್ತೆ ರದ್ದಾಗಿದೆ. ಸಂದರ್ಶನ ಚೆನ್ನಾಗಿ ಆಯಿತು, ವೀಸಾ ಬಂತು, ಶಮ್ನಾ ಹೋಗಿಯೂ ಆಯಿತು. ವಿಮಾನ ನಿಲ್ದಾಣದಲ್ಲಿ ಹಮೀದಾಕನಿಗಿಂತ ಹೆಚ್ಚು ಅತ್ತವರು ಲಾರೆನ್ಸರು. ಅವಳು ಹೋದ ನಾಲ್ಕನೆಯ ದಿನ ಬೆಳಿಗ್ಗೆ, ಲುಸೈಲ್ ಹತ್ತಿರ ಬಂದಾಗ ಹಮೀದಾಕ ಕನ್ನಡಿಯಲ್ಲಿ ನನ್ನನ್ನು ನೋಡಿ, ತಮಾಷೆಯಿಲ್ಲದ ಸಣ್ಣ ದನಿಯಲ್ಲಿ ಕೇಳಿದರು: "ಶೆಟ್ರೇ, ಅಲ್ಲಿ ನಿಜವಾಗಿ ಹೇಗೆ ಉಂಟು? ಹುಡುಗಿಗೆ ತೊಂದ್ರೆ ಆಗ್ಲಿಕ್ಕಿಲ್ಲ ಅಲ್ವಾ?"

ನನ್ನ ಬಾಯಿಗೆ ಅಭ್ಯಾಸಬಲದಿಂದ ಮೂರು ಪಕ್ಷಗಳು, ಎರಡು ಚುನಾವಣೆಗಳು, ಒಂದು ಮೈತ್ರಿಕೂಟ ಒಟ್ಟಿಗೆ ಬಂದವು. ಕನ್ನಡಿಯಲ್ಲಿ ಅವರ ಕಣ್ಣು ನೋಡಿ ಎಲ್ಲವನ್ನೂ ನುಂಗಿದೆ. "ನನಗೆ ಗೊತ್ತಿಲ್ಲ ಹಮೀದಾಕ" ಎಂದೆ.

ಅವರು ತಲೆಯಾಡಿಸಿ ಗಾಡಿ ಪಕ್ಕಕ್ಕೆ ನಿಲ್ಲಿಸಿದರು. "ಹದಿನೇಳು ವರ್ಷದಲ್ಲಿ ನೀವು ಯುರೋಪಿನ ಬಗ್ಗೆ ಹೇಳಿದ ಸರಿಯಾದ ಸುದ್ದಿ ಇದೊಂದೇ. ಇಳಿಯಿರಿ, ನಿಮ್ಮ ಆಫೀಸ್ ಬಂತು" ಎಂದರು.