ಎದುರುಮನೆಯವಳ ದವಡೆ ಹಲ್ಲು, ಗುಬ್ಬಿಯ ಕೊಬ್ಬರಿ

ಸ್ವಲ್ಪ ಹತ್ರ ಬನ್ನಿ, ಇದು ಜೋರಾಗಿ ಹೇಳೋ ಮಾತಲ್ಲ. ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಮೊದಲು ನಿಮ್ಮ ಮನೆದೇವ್ರ ಮೇಲೆ ಆಣೆ ಮಾಡಿ. ನಮ್ಮ ತುಮಕೂರಿನ ಈ ಬೀದೀಲಿ ಇಂಥವು ಆಗ್ತಾನೇ ಇರ್ತವೆ. ನಾನಾಗಿ ಯಾರ ಮನೆ ವಿಷಯಕ್ಕೂ ಹೋಗೋಳಲ್ಲ. ಜಗಲಿ ಮೇಲೆ ಸೊಪ್ಪು ಬಿಡಿಸ್ತಾ ಕೂತಿರ್ತೀನಿ, ಅವೇ ಬಂದು ಕಿವಿಗೆ ಬೀಳ್ತವೆ.

ಲವಂಗ

ಎದುರುಮನೆಯವಳಿಗೆ ದವಡೆ ಹಲ್ಲು ನೋವು ಶುರುವಾಗಿ ಎಷ್ಟೋ ತಿಂಗಳಾಗಿತ್ತು. ಹಲ್ಲಿನ ಡಾಕ್ಟ್ರಮ್ಮ ಎಕ್ಸ್‌ರೇ ತೆಗೆದು, ಹುಳುಕು ನರದವರೆಗೂ ಹೋಗಿದೆ, ಬೇಗ ರೂಟ್ ಕೆನಾಲ್ ಮಾಡಿಸಿದ್ರೆ ಹಲ್ಲು ಉಳೀತದೆ ಅಂದ್ರಂತೆ. ಮಗಳ ಮದುವೆ ಗೊತ್ತಾಗ್ಲಿ ಬುಡಿ ಅಂತ ಇವಳು ಎದ್ದು ಬಂದಳು. ಗಂಡ ಇಲ್ಲೇ ತುಮಕೂರಿನ ಸತ್ಯಮಂಗಲದ ಫ್ಯಾಕ್ಟ್ರೀಲಿ ಕೆಲಸ ಮಾಡ್ತಾನೆ. ಸಾಧು ಮನುಷ್ಯ, ಮೈಮೇಲೆ ಸೊಳ್ಳೆ ಕೂತ್ರೂ ಊದಿ ಕಳಿಸೋನು. ಆಸ್ಪತ್ರೆಗೆ ಹೋಗೋಣ ಬಾರೆ ಅಂತ ಅವನು ಗೋಗರೆದಾಗೆಲ್ಲ ಇವಳು ಒಂದು ಲವಂಗ ಬಾಯಿಗಿಡೋಳು. ಕೊನೆಗೆ ಪಲಾವ್ ಮಾಡೋಕೆ ಅವರ ಮನೇಲಿ ಲವಂಗಾನೇ ಇಲ್ಲ. ಲವಂಗ ಕೇಳೋಕೆ ನಮ್ಮನೆ ಬಾಗಿಲು ಗೊತ್ತಾಯ್ತು, ಪಲಾವ್ ಕೊಡೋಕೆ ಮಾತ್ರ ಗೊತ್ತಾಗ್ಲಿಲ್ಲ.

ಹುಳ

ಆಮೇಲೆ ಕುಣಿಗಲ್‌ನಿಂದ ಅವಳಕ್ಕ ಫೋನ್ ಮಾಡಿ, ಮಾರ್ಕೋನಹಳ್ಳಿ ಕಡೆ ಒಬ್ಬ ಹಲ್ಲಿನ ಹುಳ ತೆಗೀತಾನೆ ಅಂದಳು. ಮಾರನೇ ದಿನವೇ ಇವಳು ಬಸ್ಸು ಹತ್ತಿದಳು. ಅವನು ಕೆಂಡದ ಮೇಲೆ ಅದ್ಯಾವುದೋ ಬೀಜ ಹಾಕಿ, ಕೊಳವೇಲಿ ಬಾಯೊಳಗೆ ಹೊಗೆ ಬಿಟ್ಟು, ಬಟ್ಟಲ ನೀರಲ್ಲಿ ಬೆಳ್ಳಗಿನ ಹುಳ ತೋರಿಸಿದನಂತೆ. ಸ್ವಲ್ಪ ದಿನಕ್ಕೆ ನೋವು ನಿಂತೇ ಹೋಯ್ತು. ಬೀದಿಗೆಲ್ಲ ಡಂಗುರ. ಡಾಕ್ಟ್ರಮ್ಮನಿಗೂ ಹೇಳಿ ಬರ್ತೀನಿ ಅಂತ ಹೊರಟಳು. ನಾನೂ ಜೊತೇಲಿ ಹೋದೆ, ಇಂಥದ್ದು ತಪ್ಪಿಸ್ಕೊಳ್ಳೋಕಾಗ್ತದಾ?

ಡಾಕ್ಟ್ರಮ್ಮ ಸಮಾಧಾನವಾಗಿ ಕೇಳಿ, "ನೋವು ನಿಂತಿದ್ದು ವಾಸಿಯಾಗಿ ಅಲ್ಲಮ್ಮ, ನರ ಸತ್ತೋಗಿ. ಈಗ ಕೀವು ಸದ್ದಿಲ್ದೆ ಬೇರಿನ ಕೆಳಗೆ ತುಂಬ್ಕೊಳ್ತಾ ಇರ್ತದೆ. ಒಂದಿನ ಮುಖ ಊದ್ಕೊಳ್ತದೆ ನೋಡಿ," ಅಂದ್ರು.

ಇವಳು ಹೊರಗೆ ಬಂದು ನನಗೆ ಹೇಳ್ತಾಳೆ: "ಹೊಟ್ಟೆಕಿಚ್ಚು ದೊಡ್ಡಮ್ಮ. ಇಷ್ಟು ಓದಿ ಇವರ ಕೈಲಿ ಒಂದು ಹುಳ ತೆಗೆಯೋಕಾಗಿಲ್ವಲ್ಲ."

ಕೊಬ್ಬರಿ

ಮುಖ ಊದ್ಕೊಂಡಿದ್ದು ಯಾವತ್ತು ಅಂತೀರಾ? ಗುಬ್ಬಿಯಿಂದ ಗಂಡಿನ ಕಡೆಯವರು ಒಪ್ಪಿಗೆ ಮಾತಿಗೆ ಬಂದ ದಿನ. ಎಡಗೆನ್ನೆ ಬೇಕರಿ ಬನ್ನಿನಂಗೆ ಆಗಿತ್ತು. ಹುಳದ ಕತೆ ಊರಿಗೆಲ್ಲ ಹೇಳಿದ್ದೋಳಿಗೆ ಈಗ ಅವಮಾನ. ಸೆರಗು ಮುಚ್ಕೊಂಡು ಬಂದು, ಹಲ್ಲಿನ ವಿಷಯ ಎತ್ತಬೇಡಿ ಅಂತ ನನ್ನ ಕೈಲಿ ಭಾಷೆ ತಗೊಂಡಳು.

ಹುಡುಗಿಗೂ ಹುಡುಗನಿಗೂ ಇಷ್ಟವಾಗಿತ್ತು, ದೊಡ್ಡವರು ಹೂಂ ಅನ್ನೋದೊಂದೇ ಬಾಕಿ. ಅವರದು ಕೊಬ್ಬರಿ ವ್ಯಾಪಾರ. ಮಾತು ಮುಗಿದ ಮೇಲೆ ಅವರು ತಂದ ಕೊಬ್ಬರಿ ಬೆಲ್ಲ ಕೊಡೋದು, ಹೆಣ್ಣಿನ ತಾಯಿ ಎಲ್ಲರೆದುರು ಕಡಿದು ತಿಂದ್ರೆ ಒಪ್ಪಿದಂಗೆ, ಅದು ಅವರ ಮನೆ ಪದ್ಧತಿ. ಇವಳು ಕೊಬ್ಬರಿ ಹೋಳು ಕೈಲಿ ಹಿಡ್ಕೊಂಡು ಕೂತೇ ಇದಾಳೆ. ಬಾಯಿ ಹತ್ರ ತರ್ತಾಳೆ, ಮತ್ತೆ ಕೆಳಗಿಳಿಸ್ತಾಳೆ. ಗುಬ್ಬಿಯಮ್ಮನ, ಅಂದ್ರೆ ಗಂಡಿನ ತಾಯಿಯ ಮುಖ ಗಂಟಾಯ್ತು. ಅಡುಗೆಮನೆ ಬಾಗಿಲಲ್ಲಿ ಹುಡುಗಿ ಕಣ್ತುಂಬ ನೀರು.

ಆ ಹುಡುಗಿ ಮುಖ ನೋಡೋಕಾಗ್ದೆ ನಾನು ಎದ್ದು ಹೋಗಿ ಗುಬ್ಬಿಯಮ್ಮನ ಪಕ್ಕ ಕೂತೆ. ಅವರ ಕಿವೀಲಿ ಹೇಳ್ದೆ: "ಒಪ್ಪಿಗೆ ಇಲ್ದೆ ಅಲ್ಲ ಕಣಮ್ಮ. ಗಂಡ ಹೊಡೆದವ್ನೆ ಅಂತ ಕಾಣ್ತದೆ, ಆ ಕೆನ್ನೆ ನೋಡಿ."

ಭಾಷೆ ಕೊಟ್ಟ ಮೇಲೆ ತಪ್ಪೋಳಲ್ಲ ನಾನು. ಹಲ್ಲಿನ ವಿಷಯ ಎತ್ತಿದ್ನಾ? ಇಲ್ಲ.

ಟಾರ್ಚು

ಗುಬ್ಬಿಯಮ್ಮ ಸುಮ್ನೆ ಕೂರೋ ಹೆಂಗಸಲ್ಲ. ಕಾಫಿ ತಂದ ಆ ಸಾಧು ಗಂಡನ್ನ ಅಲ್ಲೇ ನಿಲ್ಲಿಸಿ, ಹೆಂಡತಿ ಮೇಲೆ ಕೈ ಮಾಡೋರ ಮನೆ ಹೆಣ್ಣು ನಮಗೆ ಬ್ಯಾಡ ಅಂದೇಬಿಟ್ರು. ಪಾಪ, ಅವನು ಕಾಫಿ ತಟ್ಟೆ ಹಿಡ್ಕೊಂಡೇ ಹೆಂಡತಿ ಕಡೆ ತಿರುಗಿದ. ಆಗ ನೋಡಿ, ಎದುರುಮನೆಯವಳು ಸೆರಗು ಸರಿಸಿ, ಗುಬ್ಬಿಯಮ್ಮನ ಮುಂದೆ ಕೂತು, ಆಗಿದ್ದಷ್ಟು ಬಾಯಿ ತೆಗೆದಳು. ಅವರು ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದ್ರು. ಆಮೇಲೆ ಗಂಡಿನಪ್ಪ, ಚಿಕ್ಕಪ್ಪ, ಕೊನೆಗೆ ಗಂಡೂ ಸರದಿ ಮೇಲೆ ನೋಡಿದ್ರು.

ಗುಬ್ಬಿಯಮ್ಮ ಮೆತ್ತಗಾದ್ರು. "ನಾನೂ ಹಿಂಗೇ ಇವತ್ತು ನಾಳೆ ಅಂತ ಬಿಟ್ಟು, ಊತ ಕುತ್ತಿಗೆಗೆ ಇಳಿದು, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದೆ. ಹಲ್ಲೂ ಹೋಯ್ತು. ಇವತ್ತೇ ತೋರಿಸ್ಕೊಳ್ಳಿ. ನೀವು ಕೊಬ್ಬರಿ ಕಡಿದ ದಿನ ಮುಹೂರ್ತ ಕೇಳೋಣ," ಅಂದ್ರು.

ಹೆಣ್ಣು ಕೇಳೋಕೆ ಬಂದೋರು ಹೆಣ್ಣಿನ ತಾಯಿ ದವಡೆ ನೋಡ್ಕೊಂಡು ಹೋಗಿದ್ದು ನಮ್ಮ ಬೀದೀಲಿ ಇದೇ ಮೊದಲು.

ಪತ್ರಿಕೆ

ಊತ ಇಳಿಸಿ, ರೂಟ್ ಕೆನಾಲ್ ಮಾಡಿಸಿ, ಮೇಲೊಂದು ಕ್ಯಾಪ್ ಹಾಕಿಸಿದ್ದೂ ಆಯ್ತು. ಗುಬ್ಬಿಗೆ ಹೋಗಿ ಕೊಬ್ಬರಿ ಕಡಿದೂ ಬಂದಳು. ನಿನ್ನೆ ಲಗ್ನಪತ್ರಿಕೆ ಹಿಡ್ಕೊಂಡು ನಮ್ಮನೆಗೆ ಬಂದು ಕಾಲಿಗೆ ಬಿದ್ದಳು. ನನ್ನ ಮನಸ್ಸೂ ಕರಗ್ತು. ನಿಮ್ಮ ಬೀಗಿತ್ತಿ ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ ಅಂದೆ. ಕೇಳಿದ್ರು ಅಂದಳು. ಆಮೇಲೆ ನನ್ನ ಮುಖ ನೋಡ್ಕೊಂಡೇ ಹೇಳಿದಳು:

"ರೂಟ್ ಕೆನಾಲ್‌ಗೆ ಮೊದಲು ಒಂದು ಇಂಜೆಕ್ಷನ್ ಕೊಡ್ತಾರೆ ದೊಡ್ಡಮ್ಮ, ಹೊತ್ತು ಹೋದ್ರೂ ನಾಲಿಗೆ ಏಳಲ್ಲ. ಧಾರೆ ದಿನ ಬೆಳಗ್ಗೆ ನಿಮಗೆ ಅದನ್ನ ಹಾಕಿಸಿ ಮುಂದಿನ ಸಾಲಲ್ಲಿ ಕೂರಿಸಬೇಕಂತೆ. ನಮ್ಮ ಬೀಗಿತ್ತಿ ಡಾಕ್ಟ್ರಮ್ಮನ ಹತ್ರ ಆಗ್ಲೇ ಮಾತಾಡವ್ರೆ."