ಆರನೇ ಗೆರೆ

ಮುನಿಶಾಮಿಗೆ ಬೆರಳಚ್ಚು ಕಲಿಸಿದ ಗುರುಗಳು ಒಂದೇ ಮಾತು ಹೇಳಿದ್ದರು: "ಕಣ್ಣು ಕರಡಿನ ಮೇಲೆ, ಬೆರಳು ಕೀಲಿ ಮೇಲೆ. ಓದೋಕೆ ಹೋದ್ಯೋ, ಸ್ಪೀಡು ಹೋಯ್ತು." ಇಪ್ಪತ್ತೆರಡು ವರ್ಷ ಅವನು ಅದನ್ನು ವ್ರತದಂತೆ ಪಾಲಿಸಿದ್ದ. ಅಭಿನಂದನೆಯಾಗಲಿ, ಸಂತಾಪವಾಗಲಿ, ಕಣ್ಣಿನಿಂದ ನೇರ ಬೆರಳಿಗೆ ಇಳಿಯುತ್ತಿತ್ತೇ ಹೊರತು ತಲೆಯ ಕಡೆ ಹಾಯುತ್ತಿರಲಿಲ್ಲ.

ಶಿಡ್ಲಘಟ್ಟದ ಆ ಸಹಕಾರ ಸಂಘದಲ್ಲಿ ಅಷ್ಟೂ ವರ್ಷ ಅವನದು ಹಂಗಾಮಿ ಕೆಲಸ. ಖಾಯಂ ಮಾಡಿ ಎಂದು ಕೊಟ್ಟ ಅರ್ಜಿಗಳನ್ನು ಪೇರಿಸಿದ್ದರೆ ಕೂರಲು ಒಂದು ಮಣೆಯಾಗುತ್ತಿತ್ತು. ಹೋದ ವರ್ಷ, ೨೦೦೪ರಲ್ಲಿ, ಟೈಪ್‌ರೈಟರ್ ಗುಜರಿಗೆ ಹೋಗಿ ಕಂಪ್ಯೂಟರ್ ಬಂದ ಮೇಲೆ ಅವನಿಗೆ ನಿದ್ದೆಯೂ ಹಂಗಾಮಿಯಾಗಿತ್ತು.

ಆ ಸೋಮವಾರ ಬೆಳಗ್ಗೆ ಕಾರ್ಯದರ್ಶಿ ಚೆನ್ನರಾಯಪ್ಪನವರು ಮುಖ ನೋಡದೆ ಒಂದು ಕರಡು ತಂದಿಟ್ಟರು.

"ನಾಲ್ಕು ಗಂಟೆಗೆ ಕಮಿಟಿ. ನಿನ್ ವಿಷಯ ಇವತ್ತು ಮುಗಿಸಿಬಿಡ್ತಾರೆ ಕಣಪ್ಪ. ಇದನ್ನ ಟೈಪ್ ಮಾಡಿಡು. ಕೆಳಗೆ ಸಹಿಗೆ ಆರು ಗೆರೆ ಬರ್ಲಿ."

ಮುನಿಶಾಮಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಕೊನೆಗೂ ಖಾಯಂ! ಹತ್ತೇ ನಿಮಿಷದಲ್ಲಿ ಒಕ್ಕಣೆ ಮುಗಿಸಿದ. ತೊಂದರೆ ಕೊಟ್ಟದ್ದು ಗೆರೆಗಳು.

ಅಡ್ಡಗೆರೆಯ ಕೀಲಿಯನ್ನು ಒತ್ತಿ ಹಿಡಿದು ಉದ್ದಕ್ಕೆ ಎಳೆದ. ಅದರ ಮೇಲೆ 'ರಾಮಾಂಜಿನಪ್ಪ, ಅಧ್ಯಕ್ಷರು' ಎಂದು ಹೊಡೆದರೆ, ಒಂದೊಂದು ಅಕ್ಷರಕ್ಕೂ ಗೆರೆ ಬಲಕ್ಕೆ ಸರಿದು, ತುದಿ ಮುರಿದು ಕೆಳಗಿನ ಸಾಲಿಗೆ ಬಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಜಾರಿತು.

ಕ್ಯಾಷಿಯರ್ ಅಂಬರೀಶ್ ಬಂದ. "ಈ ಬಟನ್ ಒತ್ತಿ ಸಾರ್, ಗೆರೆ ಓಡಲ್ಲ." ಗೆರೆ ಓಡಲಿಲ್ಲ, ನಿಜ, ಅಕ್ಷರಗಳೇ ಅದನ್ನು ತಿಂದುಹಾಕಿದವು.

ಕಸ ಗುಡಿಸುತ್ತಿದ್ದ ಆಂಜಿನಮ್ಮ ಪೊರಕೆ ಊರಿ ನಿಂತಳು. "ಸ್ಕೇಲಿಟ್ಟು ಪೆನ್ನಲ್ಲಿ ಎಳ್ದುಬಿಡಪ್ಪ. ಇದೇನು ದೊಡ್ಡ ಸೇತುವೆ ಕಟ್ಟೋ ಕೆಲ್ಸಾನಾ?"

"ಖಾಯಂ ಆಗೋ ದಿನ ಕೈಯಲ್ಲಿ ಗೆರೆ ಎಳೆದ್ರೆ, ಇವನಿಗೆ ಕಂಪ್ಯೂಟರ್ ಬರಲ್ಲ ಅಂತ ಬರ್ಕೋತಾರೆ ಕಣಮ್ಮ" ಎಂದ ಮುನಿಶಾಮಿ. ಅಷ್ಟರಲ್ಲಿ ಕರೆಂಟು ಹೋಗಿ, ಇದ್ದ ಮುರುಕು ಗೆರೆಗಳೂ ಹೋದವು.

ಎರಡು ಗಂಟೆಗೆ ಕರೆಂಟು ಬಂದಾಗ ಎದುರಿನ ಜಾಬ್ ಟೈಪಿಂಗ್ ಅಂಗಡಿಯ ತನುಜಳನ್ನು ಕೈಮುಗಿದು ಕರೆತಂದ.

"ಗೆರೆ ಹೊಡೀಲೇಬಾರ್ದು ಅಂಕಲ್. ಅಂಡರ್‌ಲೈನ್ ಆನ್ ಮಾಡಿ, ಹೆಸರು ಹೊಡ್ದು, ಟ್ಯಾಬ್ ಒತ್ತಿ. ಖಾಲಿ ಜಾಗದ ಕೆಳಗೂ ಗೆರೆ ತಾನೇ ಬರುತ್ತೆ."

ಬಂತು! ಆರೂ ಗೆರೆಗಳು ನೂಲು ಹಿಡಿದಂತೆ ನಿಂತವು. ತನುಜ ಪುಟದ ಮೇಲ್ಭಾಗಕ್ಕೆ ಕಣ್ಣು ಹಾಯಿಸಿದವಳು ಕೀಲಿಮಣೆಯಿಂದ ಕೈ ತೆಗೆದಳು.

"ಅಂಕಲ್, ಇದನ್ನ ನೀವೇ ಟೈಪ್ ಮಾಡಿದ್ರಾ?"

"ಮತ್ತಿನ್ಯಾರಮ್ಮ?"

ಅವನು ತರಿಸಿಕೊಟ್ಟ ಟೀಯನ್ನೂ ಕುಡಿಯದೆ ಅವಳು ಹೋದಳು. ಈ ಕಾಲದ ಮಕ್ಕಳಿಗೆ ನಾಚಿಕೆ ಜಾಸ್ತಿ ಎಂದುಕೊಂಡ ಮುನಿಶಾಮಿ ಬೂತಿಗೆ ಓಡಿ ಹೆಂಡತಿಗೆ ಫೋನು ಮಾಡಿದ. "ಖಾಯಂ ಆಯ್ತು ಕಣೇ! ಬೀದಿಯವರಿಗೆಲ್ಲ ಸಕ್ಕರೆ ಹಂಚು."

ನಾಲ್ಕಕ್ಕೆ ಕಮಿಟಿ ಕೂತಿತು. ಐದೂ ಜನ ಸಹಿ ಹಾಕಿದರು. ಅಧ್ಯಕ್ಷರು ಅವನ ಭುಜ ತಟ್ಟಿದರು. ದಿಬ್ಬೂರಹಳ್ಳಿಯಿಂದ ಬಂದಿದ್ದ ನಿರ್ದೇಶಕಿ ಗಂಗುಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಯನಾ, ನಿನ್ನಂಥ ದೊಡ್ಡ ಮನಸ್ಸು ಎಲ್ಲೂ ನೋಡ್ಲಿಲ್ಲಪ್ಪ. ನಗ್‌ನಗ್ತಾ ಮಾಡಿಕೊಟ್ಯಲ್ಲ!" ಎಂದರು. ಮುನಿಶಾಮಿಗೆ ಹೃದಯ ತುಂಬಿ ಬಂತು.

ಎಲ್ಲರೂ ಹೋದ ಮೇಲೆ ಚೆನ್ನರಾಯಪ್ಪನವರು ಹಾಳೆಯನ್ನು ಅವನ ಕಡೆ ತಳ್ಳಿದರು. ಎಡಗಡೆ, 'ಪ್ರತಿ ತಲುಪಿದೆ' ಎಂಬುದರ ಮುಂದೆ ಆರನೇ ಗೆರೆ ಖಾಲಿ ಇತ್ತು.

"ಇದು ಯಾರದು ಸಾರ್?"

"ನಿಂದೇ ಕಣಪ್ಪ. ಬೆಳಗ್ಗೆಯಿಂದ ಒಂದ್ ಮಾತೂ ಆಡ್ಲಿಲ್ಲ ನೀನು. ನಂಗೇ ಸಂಕಟ ಆಯ್ತು."

ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಮುನಿಶಾಮಿ ತಾನು ಬೆರಳಚ್ಚು ಮಾಡಿದ್ದನ್ನು ಓದಿದ. 'ಸಂಘಕ್ಕೆ ಗಣಕಯಂತ್ರ ಬಂದಿರುವುದರಿಂದ ಬೆರಳಚ್ಚುಗಾರರ ಹಂಗಾಮಿ ಹುದ್ದೆಯನ್ನು ಇಂದಿನಿಂದ ರದ್ದುಪಡಿಸಲಾಗಿದೆ.' ಒಂದು ಅಕ್ಷರವೂ ತಪ್ಪಿರಲಿಲ್ಲ.

ಅತ್ತ ಅವನ ಹೆಂಡತಿ ಬೀದಿಯ ಕೊನೆಯ ಮನೆಗೂ ಸಕ್ಕರೆ ಕೊಟ್ಟು ಮುಗಿಸಿದ್ದಳು. ಇತ್ತ ಮುನಿಶಾಮಿ ಪೆನ್ನು ಹಿಡಿದ. ಸಹಿ ಸೊಟ್ಟಗಾಯಿತು. ಗೆರೆ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.