ಮತದಾನದ ದಿನ ಗಾಡಿ ಹತ್ತದವನು

ಇಂದ,
ಸತುರ್ನಿನೊ ವಾರಾಚಿ, ವಯಸ್ಸು ಎಪ್ಪತ್ತೊಂದು,
ಬೊಲಿವಿಯಾದ ಪ್ರಜೆ, ತರಕಾರಿ ತೋಟದ ಆಳು,
ಹಾಲಿ ವಾಸ: ಕಾಲುವೆಯ ಕೊನೆಯ ಮನೆ, ಹುಹುಯ್ ಪ್ರಾಂತ್ಯ, ಅರ್ಜೆಂಟೀನಾ.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ದೇಶದ ಹೊರಗಿರುವ ಮತದಾರರನ್ನು ನೋಡಿಕೊಳ್ಳುವ ಕಚೇರಿ,
ಬೊಲಿವಿಯಾ.

ವಿಷಯ: ಸ್ವದೇಶದ ಕಾನೂನನ್ನು ಪರದೇಶದಲ್ಲಿ ಪಾಲಿಸಿದ ತಪ್ಪಿಗೆ ಕೈತಪ್ಪಿಹೋದ ಮತದಾನದ ಚೀಟಿಯನ್ನು ದಯಪಾಲಿಸುವ ಕುರಿತು.

ಉಲ್ಲೇಖ: 1) ಸಂತೆಯ ಗೋಡೆಗೆ ತಮ್ಮ ಕಚೇರಿ ಅಂಟಿಸಿದ ಭಿತ್ತಿಪತ್ರ: "ನೀವು ಮತ ಹಾಕುವ ಕಡೆಯೇ ಬೊಲಿವಿಯಾ."
2) ನಮ್ಮೂರ ಮುಖಂಡರ ಪತ್ರ.

ಮಾನ್ಯರೇ,

ದೇವರ ದಯೆಯಿಂದ ನಾನು ಕ್ಷೇಮ. ತಾವೂ ಕ್ಷೇಮವೆಂದು ನಂಬಿದ್ದೇನೆ. ಕುಳಿತು ಕೆಲಸ ಮಾಡುವವರಿಗೆ ಮೊಣಕಾಲು ನೋವು ಕಡಿಮೆ ಎಂದು ಕೇಳಿಬಲ್ಲೆ. ಮೇಲ್ಕಂಡ ವಿಷಯವಾಗಿ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಎತ್ತರದ ಬಯಲಿನಲ್ಲಿರುವ ನಮ್ಮೂರಿಗೆ ಮೂವತ್ತೆರಡು ಮನೆ, ಒಂದು ಇಗರ್ಜಿ, ಒಂದು ಸ್ಮಶಾನ. ಊರು ಬಿಟ್ಟು ಹೋದವರು ಇನ್ನೂ ಊರಿನವರೇ ಹೌದೋ ಅಲ್ಲವೋ ಎಂದು ತಿಳಿಯಲು ಊರ ಸಭೆಯವರು ಈ ಸಲ ಒಂದು ತೀರ್ಮಾನ ಮಾಡಿದ್ದಾರೆ. ಮತ ಹಾಕಿದವರಿಗೆ ಮತಗಟ್ಟೆಯಲ್ಲಿ ಕೊಡುವ ಚೀಟಿಯನ್ನು ಸತ್ತವರ ಹಬ್ಬದೊಳಗೆ ಊರಿಗೆ ತಲುಪಿಸಬೇಕು. ತಪ್ಪಿದರೆ ಊರ ಪಟ್ಟಿಯಿಂದ ಹೆಸರು ತೆಗೆಯಲಾಗುವುದು. ಪಟ್ಟಿಯಲ್ಲಿ ಇಲ್ಲದವರಿಗೆ ಊರ ಸ್ಮಶಾನದಲ್ಲಿ ಮಣ್ಣಿಲ್ಲ. ನಮ್ಮ ಒಬ್ಬಳೇ ಮಗಳು ಎವಾರಿಸ್ತಾ ತನ್ನ ಏಳನೆಯ ವಯಸ್ಸಿನಲ್ಲಿ ಅಲ್ಲಿ ಮಲಗಿದಳು. ಅವಳ ಎಡಕ್ಕೆ ಒಬ್ಬರಿಗೆ, ಬಲಕ್ಕೆ ಒಬ್ಬರಿಗೆ ಜಾಗ ಬಿಟ್ಟು ಕಲ್ಲು ನೆಟ್ಟು ಬಂದಿದ್ದೇವೆ. ಆದಕಾರಣ, ಆ ಚೀಟಿ ನನಗೂ ನನ್ನ ಹೆಂಡತಿ ಬೆನೀತಾಳಿಗೂ ಬೇಕು.

2. ನಮ್ಮ ದೇಶದಲ್ಲಿ ಮತದಾನದ ದಿನದ ಕಟ್ಟುಪಾಡು ತಮಗೆ ಗೊತ್ತಿರುವುದೇ. ಗಾಡಿ ಓಡಿಸುವಂತಿಲ್ಲ, ಮದ್ಯ ಮುಟ್ಟುವಂತಿಲ್ಲ, ಆಯುಧ ಹಿಡಿದು ತಿರುಗುವಂತಿಲ್ಲ. ನಾವು ಮತ ಹಾಕುವ ಕಡೆಯೇ ಬೊಲಿವಿಯಾ ಎಂದು ತಾವೇ ಗೋಡೆಯ ಮೇಲೆ ಬರೆಸಿದ್ದೀರಿ. ದೊಡ್ಡವರ ಮಾತನ್ನು ಅರ್ಧ ಮಾತ್ರ ನಂಬಬೇಕೆಂದು ನಮಗೆ ಯಾರೂ ಕಲಿಸಿಲ್ಲ. ಆದ್ದರಿಂದ ಎರಡು ದಿನ ಮೊದಲೇ ಚಿಚಾ ಹೆಂಡದ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿದೆ. ಸೊಪ್ಪು ಕೊಯ್ಯುವ ಚಾಕುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಬುತ್ತಿಯ ಚೀಸನ್ನು ಹೆಂಡತಿ ಹಲ್ಲಿನಿಂದಲೇ ಎರಡು ಭಾಗ ಮಾಡಿದಳು. ಮತಗಟ್ಟೆ ಮೂವತ್ತೊಂದು ಕಿಲೋಮೀಟರು ದೂರದ ಪಟ್ಟಣದಲ್ಲಿದೆ. ಬಸ್ಸೂ ಇದೆ, ಕಾನೂನೂ ಇದೆ. ಬೆಳಿಗ್ಗೆ ಐದಕ್ಕೆ ನಡೆಯಲು ಹೊರಟೆವು.

3. ಮೊದಲನೆಯ ಬಸ್ಸು ಧೂಳೆಬ್ಬಿಸಿಕೊಂಡು ಹೋದಾಗ ಬೆನೀತಾ ನಿಂತಳು.

"ಅಲ್ಲಾ, ಆ ಬಸ್ಸಿಗಿಲ್ಲದ ಕಾನೂನು ನಮಗ್ಯಾಕೆ?"

"ಅದು ಅರ್ಜೆಂಟೀನಾದ ಬಸ್ಸು. ಅದೇನು ವೋಟು ಹಾಕಲ್ಲ."

"ನೀನೂ ಹಾಕಲ್ಲ, ನೋಡ್ತಿರು. ಈ ಕಾಲು ಇಟ್ಕೊಂಡು."

ಎಂಟು ಗಂಟೆಯ ಹೊತ್ತಿಗೆ ಅವಳ ಅಣ್ಣನ ಮಗ ನಿಕಾನೋರ್ ತನ್ನ ತರಕಾರಿ ಲಾರಿಯನ್ನು ನಮ್ಮ ಪಕ್ಕ ತಂದು ನಿಲ್ಲಿಸಿದ. ಒಂದು ಕೈಯಲ್ಲಿ ಬಿಯರು, ಸೊಂಟದಲ್ಲಿ ಕೊಯ್ಲಿನ ಚಾಕು.

"ಹತ್ತು ಮಾವ. ವೋಟಿಗೇ ಹೋಗ್ತಾ ಇರೋದು."

"ಇವತ್ತು ಗಾಡಿ ಹತ್ತಬಾರದು ಕಣಪ್ಪ."

"ಹಿಡಿಯೋರು ಯಾರು ಮಾವ? ನಮ್ಮ ಪೊಲೀಸಪ್ಪ ಗಡಿ ಆಚೆ ಉಳಕೊಂಡ."

"ಪೊಲೀಸು ಉಳಕೊಂಡ. ದೇವರು ಜೊತೇಲೇ ಬಂದವ್ನೆ."

"ಬಂದಿದ್ರೆ ನಿನ್ನ ಮೊಣಕಾಲೂ ನೋಡಿರ್ತಾನೆ. ಅತ್ತೆ, ನೀನಾದ್ರೂ ಹತ್ತು."

ಬೆನೀತಾ ಒಂದು ಕಾಲನ್ನು ಮೆಟ್ಟಿಲಿನ ಮೇಲಿಟ್ಟಳು. ನನ್ನ ಮುಖ ನೋಡಿದಳು. ಕಾಲು ಇಳಿಸಿದಳು. ಅವಳು ಕಾಲು ಇಳಿಸಿದ್ದು ಕಾನೂನಿಗಾಗಿ ಅಲ್ಲ ಎಂಬುದನ್ನು ದಾಖಲೆಗಾಗಿ ತಿಳಿಸುತ್ತೇನೆ.

"ಹೋಗಪ್ಪ ನೀನು. ಈ ಮನುಷ್ಯನ್ನ ಒಬ್ಬನೇ ಬಿಟ್ರೆ ದಾರೀಲಿ ಇನ್ನೊಂದು ಕಾನೂನು ಹುಡುಕ್ತಾನೆ," ಅಂದಳು.

4. ದಾರಿಯಲ್ಲಿ ಮೂರು ಕಡೆ ಮಾತೆ ಮರಿಯಳ ಗೂಡುಗಳಿದ್ದವು. ಮೂರಕ್ಕೂ ನಿಂತು ಕೈ ಮುಗಿದೆವು. ಆ ಹೊತ್ತನ್ನು ನಾನು ವಾಪಸು ಕೇಳಲಾರೆ. ಮತಗಟ್ಟೆಯಾಗಿದ್ದ ಶಾಲೆಯ ಬಾಗಿಲಿಗೆ ಬಂದಾಗ ನಾಲ್ಕು ಗಂಟೆ ಹತ್ತು ನಿಮಿಷ. ತಮ್ಮ ಕಚೇರಿಯ ಹೆಣ್ಣುಮಗಳೊಬ್ಬಳು ಚೀಲಗಳಿಗೆ ದಾರ ಕಟ್ಟುತ್ತಿದ್ದಳು.

"ನಾಲ್ಕಕ್ಕೇ ಮುಗೀತು ತಾತ."

"ನಮ್ಮ ದೇಶದಲ್ಲಿ ಈಗಿನ್ನೂ ಮೂರೂ ಹತ್ತು ತಾಯಿ. ಇನ್ನೂ ಐವತ್ತು ನಿಮಿಷ ಐತೆ."

"ಇದು ಅರ್ಜೆಂಟೀನಾ ಅಲ್ವಾ ತಾತ. ಇಲ್ಲಿನ ಗಡಿಯಾರವೇ ಲೆಕ್ಕ. ಬೇಗ ಬಸ್ಸು ಹತ್ತಿ ಬರೋದಲ್ವಾ?"

ಕಾರಣ ಹೇಳಿದೆ. ದಾರ ಕಟ್ಟುತ್ತಿದ್ದ ಕೈ ನಿಂತಿತು.

"ಆ ಕಾನೂನು ಇಲ್ಲಿಗಿಲ್ಲ ತಾತ. ಯಾರೂ ಹೇಳಲಿಲ್ವಾ ನಿಮಗೆ?"

"ಬೊಲಿವಿಯಾ ಅಂತ ಹೇಳಿದ್ರಿ. ಎಷ್ಟು ಬೊಲಿವಿಯಾ ಅಂತ ಹೇಳಲಿಲ್ಲ."

ಅವಳು ಒಳಗೆ ಹೋಗಿ ಬೆನೀತಾಳಿಗೆ ಕುರ್ಚಿ, ನನಗೆ ನೀರು ತಂದಳು. ಅವಳ ಮೇಲೆ ನನ್ನ ದೂರಿಲ್ಲ. ನೀರು ಕೊಟ್ಟವರ ಮೇಲೆ ದೂರು ಬರೆಯುವ ಪದ್ಧತಿ ನಮ್ಮ ಕಡೆ ಇಲ್ಲ.

5. ಇದರಿಂದ ನನಗೆ ತಿಳಿದುಬಂದದ್ದು: ಗಾಡಿಯ ವಿಷಯದಲ್ಲಿ ಅದು ಅರ್ಜೆಂಟೀನಾ. ಬಿಯರಿನ ವಿಷಯದಲ್ಲೂ, ಗಡಿಯಾರದ ವಿಷಯದಲ್ಲೂ ಅರ್ಜೆಂಟೀನಾ. ಮತಪೆಟ್ಟಿಗೆಯೊಂದು ಮಾತ್ರ ಬೊಲಿವಿಯಾ, ಅದೂ ನಾಲ್ಕರ ತನಕ. ಇಷ್ಟು ಚಿಕ್ಕ ದೇಶವನ್ನು ಬೆಳಿಗ್ಗೆ ಬಿಚ್ಚಿ, ಸಂಜೆ ಮಡಚಿ, ಚೀಲಕ್ಕೆ ತುಂಬಿಕೊಂಡು ಹೋಗುವ ತಮ್ಮ ಜಾಣ್ಮೆ ಮೆಚ್ಚತಕ್ಕದ್ದು.

6. ಮೂರು ಕಟ್ಟುಪಾಡನ್ನೂ ಮುರಿದ ನಿಕಾನೋರ್ ಒಂಬತ್ತು ಗಂಟೆಗೇ ಚೀಟಿ ಪಡೆದಿದ್ದಾನೆ. ಹುಡುಗ ಒಳ್ಳೆಯವನು. ಮಾರನೆಯ ದಿನ ಬಂದು ತನ್ನ ಚೀಟಿಯನ್ನೇ ಚಾಚಿದ. "ಹೆಸರು ತಿದ್ದಿ ಕಳಿಸು ಮಾವ. ನಾನಿನ್ನೂ ಸಾಯೋ ಅವಸರದಲ್ಲಿಲ್ಲ."

ನಾನು ಉತ್ತರ ಕೊಡುವ ಮೊದಲೇ ಬೆನೀತಾ ಅಂದಳು: "ಇಟ್ಕೊಳಪ್ಪ. ಕಂಡೋರ ಚೀಟೀಲಿ ಹೋಗಿ ಪಕ್ಕದಲ್ಲಿ ಮಲಗಿದ್ರೆ ಮಗು ಗುರುತು ಹಿಡೀತದಾ?"

ಇದಕ್ಕೆ ಸೇರಿಸಲು ನನ್ನಲ್ಲಿ ಅಂಶಗಳಿಲ್ಲ.

ಆದ್ದರಿಂದ, ನಮ್ಮಿಬ್ಬರಿಗೂ ಒಂದೊಂದು ಚೀಟಿಯನ್ನು ಮಂಜೂರು ಮಾಡಬೇಕು. ಮತ ಹಾಕದವರಿಗೆ ಚೀಟಿ ಕೊಡಲು ನಿಯಮವಿಲ್ಲವೆಂದು ತಾವು ಬರೆಯುವಿರಿ. ನಿಯಮದ ಮೇಲಿನ ಗೌರವ ಎಂಥದ್ದೆಂದು ನನಗೆ ಗೊತ್ತು, ಅದರ ಮೇಲೆ ಹನ್ನೊಂದು ಗಂಟೆ ನಡೆದಿದ್ದೇನೆ. ಆದಕಾರಣ, ಚೀಟಿ ಆಗದಿದ್ದಲ್ಲಿ ನಮ್ಮೂರ ಮುಖಂಡರಿಗೆ ಒಂದು ಸಾಲು ಬರೆದು ಮುದ್ರೆ ಒತ್ತಿದರೂ ಸಾಕು: "ಇವರು ಮತ ಹಾಕಲಿಲ್ಲ, ದೇಶದ ಮಾತನ್ನು ಪೂರ್ತಿ ನಂಬಿ ನಡೆದುಬಂದರು." ಮುಖಂಡರು ನಮ್ಮನ್ನು ಬಲ್ಲರು, ನಗುತ್ತಾರೆ, ನಂಬುತ್ತಾರೆ. ಸತ್ತವರ ಹಬ್ಬಕ್ಕೆ ಇನ್ನು ಹನ್ನೆರಡು ದಿನ ಉಳಿದಿದೆ.

ದೇವರಲ್ಲಿ ಪೂರ್ತಿಯಾಗಿಯೂ ಕಚೇರಿಯಲ್ಲಿ ಕೈಲಾದಷ್ಟೂ ನಂಬಿಕೆಯುಳ್ಳ,
ತಮ್ಮ ವಿಶ್ವಾಸಿ,
ಸತುರ್ನಿನೊ ವಾರಾಚಿ

ಲಗತ್ತುಗಳು:
1) ಭಿತ್ತಿಪತ್ರದ ತುಂಡು, ಗೋಡೆಯ ಸುಣ್ಣ ಸಹಿತ.
2) ಊರ ಮುಖಂಡರ ಪತ್ರದ ನಕಲು.
3) ಬೆನೀತಾಳ ಎಡಗಾಲಿನ ಚಪ್ಪಲಿಯ ಅಟ್ಟೆ (ಮೂಲಪ್ರತಿ. ನೋಡಿ ಹಿಂದಿರುಗಿಸುವುದು).

ವಿಶೇಷ ಮನವಿ: ತಮ್ಮ ಕಚೇರಿಯಿಂದ ಉತ್ತರ ಬರಲು ಹಿಡಿಯುವ ಕಾಲ ಎಲ್ಲರಿಗೂ ತಿಳಿದದ್ದೇ. ಆದ್ದರಿಂದ, ಈ ಅರ್ಜಿ ಇತ್ಯರ್ಥವಾಗುವ ತನಕ ನಾವಿಬ್ಬರೂ ಸಾಯದಂತೆ ಮಧ್ಯಂತರ ತಡೆಯಾಜ್ಞೆ ನೀಡಬೇಕಾಗಿ ಕೋರಿಕೆ. ಇದೇ ವಿಷಯವಾಗಿ ಬೆನೀತಾ ಮಾತೆ ಮರಿಯಳ ಸನ್ನಿಧಿಯಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸಿದ್ದಾಳೆ; ಎಲ್ಲಿ ಮೊದಲು ಮಂಜೂರಾದರೂ ನಮ್ಮ ಆಕ್ಷೇಪಣೆ ಇರುವುದಿಲ್ಲ.